ಹದಿನಾರು ಎಂಬಿಯೊಳಗಿನ ಬೀಗದಕೈ

ಕೊಳ್ಳೇಗಾಲದಿಂದ ಹನೂರಿನ ಕಡೆಗೆ, ಮಲೆ ಮಹದೇಶ್ವರ ಬೆಟ್ಟದ ದಾರಿ ಹಿಡಿದರೆ ನಡುವೆ ಸಿಗುವ ಊರು ಕಾಮಗೆರೆ. ಹೊರಗಿನವರಿಗೆ ಈ ಊರು ಗೊತ್ತಿರುವುದು ಹೋಲಿ ಕ್ರಾಸ್ ಆಸ್ಪತ್ರೆಯಿಂದ. ಸುತ್ತಲಿನ ಒಕ್ಕಲು ಮಕ್ಕಳಿಗೆ ಗುಂಡಾಲ್ ಜಲಾಶಯದ ನೀರಿನಿಂದ, ಹಿಪ್ಪುನೇರಳೆ ತೋಟದಿಂದ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಮಾದಪ್ಪನ ಒಕ್ಕಲು ಈ ರಸ್ತೆಯಲ್ಲೇ ನಡೆದು ಬೆಟ್ಟ ಹತ್ತುತ್ತದೆ. ಆ ರಸ್ತೆಯ ಬದಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇತ್ತು. ಮೊಬೈಲು, ಡಿಶ್ ಬಾಕ್ಸು, ಮಿಕ್ಸಿ, ಯುಪಿಎಸ್ಸು, ದೇವಸ್ಥಾನದ ಆಂಪ್ಲಿಫೈಯರು, ಹೀಗೆ ಕೆಟ್ಟದ್ದೆಲ್ಲ ಬರುತ್ತಿತ್ತು. 2012ರಲ್ಲಿ ಅಲ್ಲಿಗೆ ಒಂದು ಎಕ್ಸ್‌ಬಾಕ್ಸ್ 360 ಬಂತು. ಆಟದ ಯಂತ್ರವೊಂದರ ಒಳಗಿನ ಫ್ಲ್ಯಾಶ್ ಮೆಮೊರಿಯನ್ನು ಓದಿ, ಬರೆದು, ಮತ್ತೆ ಮೊದಲಿದ್ದಂತೆ ಮಾಡಿಟ್ಟ ಆ ಕೆಲಸ ನನಗೆ ಕಲಿಸಿದ್ದು ಬಹಳ. ರಿಪೇರಿ ಮಾಡುವವನ ಕರ್ತವ್ಯ ಏನು, ವಸ್ತು ಕೊಂಡವರ ಹಕ್ಕು ಏನು ಎನ್ನುವುದರ ಬಗ್ಗೆ ಇವತ್ತು ನನಗಿರುವ ನಂಬಿಕೆಯೆಲ್ಲ ಅಲ್ಲಿಂದ ಬಂದದ್ದು.

ಕಸುಬು ಕಲಿತದ್ದು ಬೆಂಗಳೂರಿನಲ್ಲಿ, ಸಾದರ ಪತ್ರಪ್ಪ ರಸ್ತೆಯ ಒಂದು ಮಹಡಿ ಅಂಗಡಿಯಲ್ಲಿ. ಎಲ್ಲರೂ ಎಸ್‌ಪಿ ರೋಡ್ ಎಂದೇ ಕರೆಯುವ ಆ ಬೀದಿಯಲ್ಲಿ ಒಂದು ರೆಸಿಸ್ಟರಿನಿಂದ ಹಿಡಿದು ಇಡೀ ಕಂಪ್ಯೂಟರಿನವರೆಗೆ ಸಿಗದ ವಸ್ತು ಇರಲಿಲ್ಲ. ಎಕ್ಸ್‌ಬಾಕ್ಸ್ 360 ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2005ರ ನವೆಂಬರಿನಲ್ಲಿ, ಭಾರತಕ್ಕೆ ಬಂದದ್ದು 2006ರ ಸೆಪ್ಟೆಂಬರಿನಲ್ಲಿ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ರಿಪೇರಿಗೆ ಬರುವ ಯಂತ್ರಗಳು ನಮ್ಮ ಮೇಜಿನ ಕೆಳಗೆಲ್ಲ ತುಂಬಿಕೊಂಡಿದ್ದವು. ನಮ್ಮ ಯಜಮಾನರು ಮಾತು ಕಮ್ಮಿ. ಆದರೆ ಒಂದು ಮಾತನ್ನು ಮಾತ್ರ ಹೊಸ ಹುಡುಗರಿಗೆ ದಿನಾ ಹೇಳುತ್ತಿದ್ದರು: "ನೋಡಪ್ಪಾ, ಎರಡು ಡಂಪ್ ತೆಗಿ. ಎರಡೂ ಮ್ಯಾಚ್ ಆಗೋವರ್ಗೂ ರೈಟ್ ಕೊಡ್ಬೇಡ. ಕಸ್ಟಮರ್ ಅವಸರ ಮಾಡಿದ್ರೂ ಕೊಡ್ಬೇಡ."

ಡಂಪ್ ಎಂದರೆ ಚಿಪ್ಪಿನಲ್ಲಿರುವುದನ್ನೆಲ್ಲ ಒಂದು ಬೈಟೂ ಬಿಡದೆ ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿ. ಎಕ್ಸ್‌ಬಾಕ್ಸ್ 360ರ ಮದರ್‌ಬೋರ್ಡಿನಲ್ಲಿ ನ್ಯಾಂಡ್ ಫ್ಲ್ಯಾಶ್ ಚಿಪ್ಪೊಂದು ಕೂತಿರುತ್ತದೆ. ಹಳೆಯ ಮಾಡೆಲ್‌ಗಳಲ್ಲಿ ಅದರ ಅಳತೆ ಬರೀ 16 ಎಂಬಿ. ಆಟಗಳು, ಆಡಿದವರ ಸೇವ್‌ಗಳು ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಯಂತ್ರ ಎದ್ದು ನಿಲ್ಲಲು ಬೇಕಾದ ಬೂಟ್‌ಲೋಡರು, ಸಿಸ್ಟಂ ಸಾಫ್ಟ್‌ವೇರು, ಸೆಟ್ಟಿಂಗುಗಳು ಈ ಚಿಪ್ಪಿನಲ್ಲಿ. ಅದರೊಳಗೇ ಕೀವಾಲ್ಟ್ ಎಂಬ 16 ಕೆಬಿಯ ಒಂದು ಭಾಗವಿದೆ. ಉಳಿದದ್ದೆಲ್ಲ ಹಾಳಾದರೂ ಇನ್ನೊಂದು ಕಡೆಯಿಂದ ತಂದು ತುಂಬಬಹುದು. ಕೀವಾಲ್ಟ್ ಹೋದರೆ ಮತ್ತೆ ಸಿಗುವುದಿಲ್ಲ. ಯಂತ್ರದ ಸೀರಿಯಲ್ ನಂಬರು, ಅದರ ಡಿವಿಡಿ ಡ್ರೈವಿನ ಕೀ ಎಲ್ಲ ಅದರಲ್ಲಿವೆ. ಅದಕ್ಕೆ ಬೀಗ ಹಾಕಿರುವುದು ಸಿಪಿಯು ಕೀ ಎಂಬ 16 ಬೈಟುಗಳ ಸಂಖ್ಯೆಯಿಂದ. ಆ ಸಂಖ್ಯೆ ಪ್ರೊಸೆಸರಿನ ಒಳಗಿನ ಸೂಕ್ಷ್ಮ ಫ್ಯೂಸುಗಳಲ್ಲಿ ಕಾರ್ಖಾನೆಯಲ್ಲೇ ಸುಟ್ಟು ಮೂಡಿಸಿದ್ದು. ಲಕ್ಷಾಂತರ ಯಂತ್ರ ಒಂದೇ ಅಚ್ಚಿನಲ್ಲಿ ತಯಾರಾದರೂ ಒಂದರ ಕೀ ಇನ್ನೊಂದಕ್ಕೆ ಆಗುವುದಿಲ್ಲ.

ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಬಂದವನು ಕಾಮಗೆರೆಯಲ್ಲೇ ಅಂಗಡಿ ಇಟ್ಟೆ. ಎಸ್‌ಪಿ ರೋಡಿನಿಂದ ತಂದದ್ದು ಒಂದು ಹಾಟ್ ಏರ್, ಒಂದು ಸೋಲ್ಡರಿಂಗ್ ಸ್ಟೇಷನ್ನು, ಪ್ರಿಂಟರ್ ಪೋರ್ಟ್ ಇರುವ ಒಂದು ಹಳೆಯ ಕಂಪ್ಯೂಟರು. ಆ ಪೋರ್ಟೇ ನನಗೆ ಮುಖ್ಯವಾಗಿತ್ತು. ಬೆಂಗಳೂರಿನ ಅಂಗಡಿಗಳು ಆಗಲೇ ಯುಎಸ್‌ಬಿ ರೀಡರಿಗೆ ಬದಲಾಗಿದ್ದವು. ಅದರಲ್ಲಿ 16 ಎಂಬಿ ಕೆಲವೇ ನಿಮಿಷದಲ್ಲಿ ಇಳಿಯುತ್ತಿತ್ತು. ಪ್ರಿಂಟರ್ ಪೋರ್ಟಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಬೇಕು. ಆದರೆ ಅದಕ್ಕೆ ಬೇಕಾದ ಕೇಬಲನ್ನು ಕೈಯಲ್ಲೇ ಕಟ್ಟಬಹುದು: 25 ಪಿನ್ನಿನ ಒಂದು ಕನೆಕ್ಟರು, ನೂರು ಓಮಿನ ಐದು ರೆಸಿಸ್ಟರು, ಒಂದು 4148 ಡಯೋಡು, ಏಳು ತಂತಿ. ಅಷ್ಟಿದ್ದರೆ ಯಂತ್ರದ ಒಳಗನ್ನು ಓದಬಹುದಿತ್ತು.

ಆ ಎಕ್ಸ್‌ಬಾಕ್ಸ್ ತಂದವರು ಹನೂರಿನ ಕಡೆಯ ನಿವೃತ್ತ ಮೇಷ್ಟ್ರು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗ, ರಜಕ್ಕೆ ಬರುವ ಮಕ್ಕಳು ಆಡಿಕೊಳ್ಳಲಿ ಎಂದು ತಂದಿಟ್ಟಿದ್ದರಂತೆ. ಡಿಸ್ಕ್ ಟ್ರೇ ಸಿಕ್ಕಿಹಾಕಿಕೊಂಡಿತೆಂದು ಎಲ್ಲಿಯೋ ರಿಪೇರಿಗೆ ಕೊಟ್ಟಿದ್ದಾರೆ. ಅಲ್ಲಿ ಹಳೆಯ ಡ್ರೈವನ್ನು ಬಿಸಾಡಿ, ಬೇರೊಂದು ಯಂತ್ರದ ಡ್ರೈವ್ ಹಾಕಿ ಕಳಿಸಿದ್ದಾರೆ. ಟ್ರೇ ಈಗ ಸಲೀಸಾಗಿ ಹೊರಗೆ ಬರುತ್ತಿತ್ತು, ಒಳಗೆ ಹೋಗುತ್ತಿತ್ತು. ಸಿನಿಮಾದ ಡಿವಿಡಿಯೂ ಓಡುತ್ತಿತ್ತು. ಆಟದ ಡಿಸ್ಕ್ ಹಾಕಿದರೆ ಮಾತ್ರ, ಈ ಡಿಸ್ಕ್ ಆಡಬೇಕಾದರೆ ಇದನ್ನು ಎಕ್ಸ್‌ಬಾಕ್ಸ್ 360ರಲ್ಲಿ ಹಾಕಿ ಎಂಬ ಬರಹ ಟಿವಿಯ ಮೇಲೆ ಮೂಡುತ್ತಿತ್ತು.

ಕಾರಣ ನೋಡಿದ ಕೂಡಲೇ ತಿಳಿಯಿತು. ಈ ಯಂತ್ರದಲ್ಲಿ ಡ್ರೈವಿಗೂ ಬೋರ್ಡಿಗೂ ಜೋಡಿ ಕಟ್ಟಿರುತ್ತಾರೆ. ಡ್ರೈವಿನ ಫರ್ಮ್‌ವೇರಿನಲ್ಲಿರುವ ಕೀ, ನ್ಯಾಂಡಿನ ಕೀವಾಲ್ಟಿನಲ್ಲಿರುವ ಕೀ ಎರಡೂ ಒಂದೇ ಆಗಿದ್ದರೆ ಮಾತ್ರ ಆಟದ ಭಾಗ ತೆರೆದುಕೊಳ್ಳುತ್ತದೆ. ತಾಳೆಯಾಗದಿದ್ದರೆ ಡಿಸ್ಕಿನಲ್ಲಿ ಬೇರೆ ಯಂತ್ರಗಳಿಗೆಂದು ಇಟ್ಟ ಆ ಸಣ್ಣ ವಿಡಿಯೋ ಭಾಗವಷ್ಟೇ ಕಾಣುತ್ತದೆ. ಹಳೆಯ ಡ್ರೈವ್ ಇದ್ದಿದ್ದರೆ ಅದರಿಂದಲೇ ಕೀ ತೆಗೆಯಬಹುದಿತ್ತು, ಇಲ್ಲವೇ ಅದರ ಸಣ್ಣ ಬೋರ್ಡನ್ನು ಹೊಸ ಡ್ರೈವಿಗೆ ಕೂರಿಸಬಹುದಿತ್ತು. ಅದು ಗುಜರಿ ಸೇರಿತ್ತು. ಉಳಿದ ಪ್ರತಿ ಒಂದೇ, ನ್ಯಾಂಡಿನಲ್ಲಿರುವುದು. ಅದಕ್ಕೆ ಸಿಪಿಯು ಕೀಯ ಬೀಗ ಬೇರೆ.

"ಆಗ್ತದ?" ಅಂತ ಮೇಷ್ಟ್ರು ಕೇಳಿದರು.

"ಆಗ್ತದ ಸಾರ್. ಟೈಮ್ ಬೇಕು," ಅಂದೆ.

ಯಂತ್ರ ಬಿಚ್ಚಿ ಬೋರ್ಡ್ ಹೊರತೆಗೆದು ಏಳು ತಂತಿಯನ್ನೂ ಬೆಸುಗೆ ಹಾಕಿದೆ. ಓದುವಾಗ ಯಂತ್ರವನ್ನು ಆನ್ ಮಾಡುವಂತಿಲ್ಲ. ಪವರ್ ಅಡಾಪ್ಟರ್ ಸಿಕ್ಕಿಸಿದರೆ ಸಾಕು, ಸ್ಟ್ಯಾಂಡ್‌ಬೈ ಕರೆಂಟಿನಲ್ಲೇ ಚಿಪ್ ಉತ್ತರ ಕೊಡುತ್ತದೆ. ನ್ಯಾಂಡ್‌ಪ್ರೊ ಎಂಬ ಪುಟ್ಟ ತಂತ್ರಾಂಶಕ್ಕೆ ಕಮಾಂಡ್ ಕೊಟ್ಟೆ. ಮೊದಲು ಬರಬೇಕಾದದ್ದು ಫ್ಲ್ಯಾಶ್ ಕಾನ್ಫಿಗ್ ಎಂಬ ಎಂಟು ಅಂಕಿ. ಬರೀ ಸೊನ್ನೆ ಬಂದರೆ ಇಲ್ಲವೇ ಸಾಲಾಗಿ ಎಫ್ ಅಕ್ಷರವೇ ಬಂದರೆ ತಂತಿ ಸರಿಯಾಗಿ ಕೂತಿಲ್ಲವೆಂದು ಅರ್ಥ. ನನಗೆ 01198010 ಬಂತು. 16 ಎಂಬಿಯ ಹಳೆಯ ಬೋರ್ಡುಗಳು ಕೊಡುವ ಸರಿಯಾದ ಉತ್ತರ ಅದು. ಕಪ್ಪು ಪರದೆಯ ಮೇಲೆ ಬ್ಲಾಕ್ ಸಂಖ್ಯೆ ಒಂದೊಂದಾಗಿ ಏರತೊಡಗಿತು. ಒಟ್ಟು 1024 ಬ್ಲಾಕು. ಒಂದೊಂದರಲ್ಲಿ 32 ಪುಟ. ಪುಟಕ್ಕೆ 512 ಬೈಟ್ ವಿಷಯ, ಅದರ ಬೆನ್ನಿಗೆ ತಪ್ಪು ಪತ್ತೆಹಚ್ಚಲೆಂದು ಇಟ್ಟ 16 ಬೈಟ್ ಲೆಕ್ಕ. ಎಲ್ಲ ಸೇರಿ ಫೈಲ್ ಇಳಿದಾಗ ಅದರ ಅಳತೆ 1,73,01,504 ಬೈಟ್ ಇರಬೇಕು. ಒಂದು ಬೈಟ್ ಹೆಚ್ಚುಕಮ್ಮಿಯಾದರೂ ಆ ಪ್ರತಿ ಕೆಲಸಕ್ಕೆ ಬಾರದು.

ಮೊದಲ ಪ್ರತಿಯಲ್ಲಿ ಒಂದು ಬ್ಲಾಕಿಗೆ ಎರರ್ ತೋರಿಸಿತು. ಎರಡನೇ ಪ್ರತಿಯಲ್ಲಿ ಎರರ್ ಬಂದದ್ದು ಬೇರೆ ಬ್ಲಾಕಿಗೆ. ಇಲ್ಲಿ ಕಲಿತವನ ಕಣ್ಣು ಬೇಕು. ನ್ಯಾಂಡ್ ಚಿಪ್ಪಿನಲ್ಲಿ ಕೆಟ್ಟ ಬ್ಲಾಕ್ ಇರುವುದು ಸಹಜ. ಕಾರ್ಖಾನೆಯಿಂದಲೇ ಕೆಲವು ಹಾಗೆ ಬರುತ್ತವೆ. ಅವುಗಳ ಬದಲಿಗೆಂದು ಕೊನೆಯಲ್ಲಿ ಒಂದಿಷ್ಟು ಬ್ಲಾಕುಗಳನ್ನು ಕಾಯ್ದಿಟ್ಟಿರುತ್ತಾರೆ. ನಿಜವಾಗಿ ಕೆಟ್ಟ ಬ್ಲಾಕಾದರೆ ಎಷ್ಟು ಸಲ ಓದಿದರೂ ಅದೇ ಸಂಖ್ಯೆ ತೋರಿಸಬೇಕು. ಸಂಖ್ಯೆ ಬದಲಾಗುತ್ತಿದ್ದರೆ ಚಿಪ್ಪಿನದ್ದಲ್ಲ, ತಂತಿಯ ದೋಷ. ತಂತಿ ಮೋಟು ಮಾಡಿ, ಬೆಸುಗೆ ಹೊಸದಾಗಿ ಹಾಕಿ, ಮತ್ತೆ ಎರಡು ಪ್ರತಿ ತೆಗೆದೆ. ಬೈಟಿಗೆ ಬೈಟು ಹೋಲಿಸುವ ಕಮಾಂಡ್ ಕೊಟ್ಟಾಗ ವ್ಯತ್ಯಾಸವಿಲ್ಲ ಎಂದು ಬಂತು.

ಅಷ್ಟು ಹೊತ್ತೂ ಅಪ್ಪ ಅಂಗಡಿಯ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. "ಏನ್ ಕೂಸು, ಬರೀ ನೋಡೋದೇ ಆಯ್ತು, ಕೆಲ್ಸ ಯಾವಾಗ ಸುರು?" ಅಂದರು. ಅಪ್ಪನದು ಜೀವಮಾನವೆಲ್ಲ ರೇಷ್ಮೆ ಸಾಕಿದ ಕೈ. ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಆ ಮೊಟ್ಟೆಯನ್ನು ರೈತನಿಗೆ ಕೊಡುವುದಿಲ್ಲ, ಸುಟ್ಟುಹಾಕುತ್ತಾರೆ. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1860ರ ದಶಕದಲ್ಲಿ ಕಂಡುಕೊಂಡ ಕ್ರಮ ಅದು. ಇವತ್ತಿಗೂ ಕೊಳ್ಳೇಗಾಲದ ಸೀಮೆಯ ರೇಷ್ಮೆ ನಿಂತಿರುವುದು ಅದರ ಮೇಲೆಯೇ. "ಇದೂ ತಾಯಿ ಚಿಟ್ಟೆ ನೋಡ್ದಂಗೇ ಕಣಪ್ಪ," ಅಂದೆ. "ನೋಡ್ದೆ ಚಾಕಿ ಕಟ್ಟಿದ್ರೆ ಏನಾಯ್ತದ?" ಅಪ್ಪ ಮತ್ತೆ ಅವಸರ ಮಾಡಲಿಲ್ಲ.

ಇನ್ನು ಬರೆಯುವ ಕೆಲಸ. ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿಗೆ ಕೊಟ್ಟವರು ತೋಷಿಬಾದ ಎಂಜಿನಿಯರ್ ಫುಜಿಯೋ ಮಸುವೋಕಾ. ನ್ಯಾಂಡ್ ಬಗೆಯ ಚಿಪ್ಪನ್ನು ಅವರ ತಂಡ 1987ರಲ್ಲಿ ಲೋಕದ ಮುಂದಿಟ್ಟಿತು. ಕರೆಂಟ್ ಹೋದರೂ ನೆನಪು ಹೋಗದಿರುವುದು ಅದರ ಗುಣ. ಆದರೆ ಬರೆಯುವುದಕ್ಕೆ ಅದರದೇ ಕಟ್ಟುಪಾಡಿದೆ. ಅಳಿಸಿದಾಗ ಎಲ್ಲ ಬಿಟ್ಟುಗಳ ಬೆಲೆಯೂ ಒಂದು ಆಗುತ್ತದೆ, ಬರೆಯುವಾಗ ಬೇಕಾದ ಕಡೆ ಒಂದನ್ನು ಸೊನ್ನೆ ಮಾಡಬಹುದು. ಸೊನ್ನೆಯನ್ನು ತಿರುಗಿ ಒಂದು ಮಾಡಬೇಕಾದರೆ ಇಡೀ ಬ್ಲಾಕನ್ನೇ ಅಳಿಸಬೇಕು. ಅಂದರೆ ಒಂದೇ ಒಂದು ಅಕ್ಷರ ತಿದ್ದುವುದಕ್ಕೂ 16 ಕೆಬಿಯ ಒಂದು ಬ್ಲಾಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಬೇಕು. ಖಾಲಿಯಾದ ಮೇಲೆ, ತುಂಬುವ ಮೊದಲು ಕರೆಂಟ್ ಹೋದರೆ ಅಲ್ಲಿದ್ದದ್ದು ಹೋದಂತೆಯೇ. ಆ ಬ್ಲಾಕ್ ಕೀವಾಲ್ಟಿನದಾಗಿದ್ದು ಪ್ರತಿ ಇರದಿದ್ದರೆ, ಆ ಯಂತ್ರದ ಪಾಲಿಗೆ ಅದೇ ಕೊನೆ.

ನಾನು ಬರೆಯಬೇಕಿದ್ದದ್ದು ಚಿಪ್ಪಿನ ಮೊದಲ ಭಾಗಕ್ಕೆ ಮಾತ್ರ, ಝೆಲ್ ಎಂಬ ಪುಟ್ಟ ಲೋಡರು. ಅದು ಎದ್ದರೆ ಪ್ರೊಸೆಸರಿನ ಫ್ಯೂಸುಗಳನ್ನು ಓದಿ ಸಿಪಿಯು ಕೀಯನ್ನು ಪರದೆಯ ಮೇಲೆ ತೋರಿಸುತ್ತದೆ. ಆದರೆ ಕಂಪನಿಯ ಸಹಿ ಇಲ್ಲದ ಯಾವುದನ್ನೂ ಯಂತ್ರ ಓಡಿಸುವುದಿಲ್ಲ. ಅದಕ್ಕೆ ದಾರಿ ಕಂಡುಹಿಡಿದವರಲ್ಲಿ ಪ್ರಮುಖರು ಗ್ಲಿಗ್ಲಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಫ್ರಾನ್ಸಿನ ಒಬ್ಬ ಹವ್ಯಾಸಿ. 2011ರ ಆಗಸ್ಟಿನಲ್ಲಿ ಅವರು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಪ್ರೊಸೆಸರಿನ ಓಟವನ್ನು ನಿಧಾನ ಮಾಡಿ, ಅದು ಲೋಡರಿನ ಗುರುತನ್ನು ತಾಳೆ ನೋಡುವ ಕ್ಷಣಕ್ಕೆ ಸರಿಯಾಗಿ ರೀಸೆಟ್ ತಂತಿಯಲ್ಲಿ ನ್ಯಾನೋಸೆಕೆಂಡುಗಳಷ್ಟು ಚಿಕ್ಕ ಪಲ್ಸ್ ಕೊಟ್ಟರೆ, ತಾಳೆಯಾಗದಿದ್ದರೂ ತಾಳೆಯಾಯಿತೆಂದು ಮುಂದೆ ಹೋಗುತ್ತದೆ. ಒಂದೇ ಸಲಕ್ಕೆ ಆಗುವುದಿಲ್ಲ. ಅದಕ್ಕೆಂದೇ ಹಾಕುವ ಸಣ್ಣ ಚಿಪ್ಪೊಂದು ಕೂತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಯಂತ್ರ ಹಳ್ಳಿಯಲ್ಲಿ ಇಂಟರ್‌ನೆಟ್ಟೇ ಕಾಣದೆ ಇದ್ದದ್ದು ನನಗೆ ಅನುಕೂಲವಾಯಿತು. ಈ ದಾರಿಯನ್ನು ಮುಚ್ಚಲು ಬಂದ ಅಪ್‌ಡೇಟ್ ಅದಕ್ಕೆ ಬಂದಿರಲಿಲ್ಲ.

ಬರೆಯಲು ಕೊಟ್ಟು ಸ್ವಲ್ಪ ಹೊತ್ತಾಗಿತ್ತು, ಕರೆಂಟ್ ಹೋಯಿತು. ಆ ವರ್ಷಗಳಲ್ಲಿ ನಮ್ಮ ಕಡೆ ಲೋಡ್ ಶೆಡ್ಡಿಂಗಿಗೆ ಹೊತ್ತುಗೊತ್ತು ಇರಲಿಲ್ಲ. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ಹಳೆಯದು. ಕಂಪ್ಯೂಟರು, ಎಕ್ಸ್‌ಬಾಕ್ಸು ಎರಡನ್ನೂ ಹೊರಲಾರದೆ ಕೂಗಿ ಮಲಗಿತು. ಬರೆಯಬೇಕಿದ್ದ ಭಾಗದ ಅರ್ಧದಲ್ಲಿ ಹೊಸದು, ಅರ್ಧದಲ್ಲಿ ಹಳೆಯದು, ನಡುವೆ ಅಳಿಸಿ ಖಾಲಿ ಬಿದ್ದ ಒಂದು ಬ್ಲಾಕು. ಮೇಷ್ಟ್ರು ಮುಖ ನೋಡಿದರು. ನನಗೆ ಭಯವಾಗಲಿಲ್ಲ. ಮೂಲ ಪ್ರತಿ ಹಾರ್ಡ್ ಡಿಸ್ಕಿನಲ್ಲಿತ್ತು, ಪೆನ್ ಡ್ರೈವಿನಲ್ಲೂ ಇತ್ತು. ಎಸ್‌ಪಿ ರೋಡಿನ ಯಜಮಾನರ ಮಾತಿನ ಬೆಲೆ ಆ ಕತ್ತಲಲ್ಲಿ ಕೂತಾಗ ಪೂರ್ತಿ ತಿಳಿಯಿತು. ಅವರು ಕಲಿಸಿದ್ದು ಹೆದರದೆ ಕೆಲಸ ಮಾಡುವ ದಾರಿ. ಹಿಂದಕ್ಕೆ ಬರುವ ಹಾದಿಯನ್ನು ಮೊದಲೇ ಮಾಡಿಟ್ಟುಕೊಂಡವನಿಗೆ ಮುಂದಕ್ಕೆ ಹೋಗಲು ಧೈರ್ಯ ತಾನಾಗಿ ಬರುತ್ತದೆ.

ಸಂಜೆ ಕರೆಂಟ್ ಬಂದ ಮೇಲೆ ಮೊದಲಿಂದ ಬರೆದೆ. ಪಲ್ಸ್ ಕೊಡುವ ಆ ಸಣ್ಣ ಚಿಪ್ಪನ್ನು ಕೂರಿಸಿ ಯಂತ್ರ ಆನ್ ಮಾಡಿದಾಗ ಅದರ ಪುಟ್ಟ ದೀಪ ಮಿನುಗಿತು, ಮತ್ತೆ ಮಿನುಗಿತು. ಆಮೇಲೆ ಅಂಗಡಿಯ ಹಳೆಯ ಟಿವಿಯಲ್ಲಿ ನೀಲಿ ಪರದೆ ಮೂಡಿ, ಬಿಳಿ ಅಕ್ಷರದ ಸಾಲುಗಳು ಮೇಲಿಂದ ಕೆಳಗೆ ಇಳಿದವು. ಅವುಗಳ ನಡುವೆ 32 ಅಕ್ಷರದ ಒಂದು ಸಾಲು, ಸಿಪಿಯು ಕೀ. ನಾನು ಓದುತ್ತ ಹೋದೆ, ಮೇಷ್ಟ್ರು ತಮ್ಮ ಕನ್ನಡಕ ಏರಿಸಿಕೊಂಡು ದುಂಡು ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಅವರು ಓದಿದರು, ನಾನು ಪರದೆಯ ಜೊತೆ ತಾಳೆ ನೋಡಿದೆ. ಆ ಕೀಯಿಂದ ಪ್ರತಿಯಲ್ಲಿದ್ದ ಕೀವಾಲ್ಟ್ ಬಿಚ್ಚಿಕೊಂಡಿತು, ಒಳಗೆ ಡಿವಿಡಿ ಕೀ ಸಿಕ್ಕಿತು. ಬದಲಿ ಡ್ರೈವಿನ ಫರ್ಮ್‌ವೇರಿಗೆ ಅದನ್ನು ಬರೆದೆ. ಝೆಲ್ ತೆಗೆದು ಮೂಲ ಪ್ರತಿಯನ್ನೇ ನ್ಯಾಂಡಿಗೆ ತುಂಬಿ, ಹಾಕಿದ್ದ ಚಿಪ್ಪನ್ನೂ ಬಿಚ್ಚಿದೆ. ಆಟದ ಡಿಸ್ಕ್ ಹಾಕಿದಾಗ ಈ ಸಲ ಆಟವೇ ಬಂತು.

ದುಡ್ಡು ಎಣಿಸಿ ಕೊಟ್ಟ ಮೇಲೂ ಮೇಷ್ಟ್ರು ಎದ್ದು ಹೋಗಲಿಲ್ಲ. "ಅಲ್ಲಪ್ಪ, ದುಡ್ಡು ಕೊಟ್ಟು ತಕ್ಕಂಡೋರು ನಾವು. ಈ ಕೀನ ಪೆಟ್ಟಿಗೆ ಜೊತೇಲೇ ಒಂದ್ ಚೀಟಿ ಬರ್ದು ಕೊಟ್ಟಿದ್ರೆ ಏನಾಗ್ತಿತ್ತು?" ಅಂದರು. ನಲವತ್ತರ ಹತ್ತಿರ ವರ್ಷ ಪಾಠ ಹೇಳಿದವರ ನೇರ ಪ್ರಶ್ನೆ ಅದು. ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಕೇಳಿಕೊಂಡು ಸುಮ್ಮನಿರಲೂ ಆಗಲಿಲ್ಲ. ಆ ಡಂಪನ್ನೂ ಕೀಯನ್ನೂ ಒಂದು ಸಿಡಿಯಲ್ಲಿ ಹಾಕಿ ಅವರ ಕೈಗೇ ಕೊಟ್ಟೆ. ಅಂದಿನಿಂದ ನನ್ನ ಮೇಜಿಗೆ ಬಂದ ಯಾವ ಯಂತ್ರದ ಪ್ರತಿಯನ್ನೂ ಮಾಲೀಕರಿಗೆ ಕೊಡದೆ ಕಳಿಸಿದ್ದಿಲ್ಲ.

ಇದೇ ದಾರಿಯಲ್ಲಿ ಕಳ್ಳಪ್ರತಿ ಆಟಗಳನ್ನೂ ಓಡಿಸಬಹುದು. ಓಡಿಸಿದವರು ಬಹಳ ಮಂದಿ, ಅದರಲ್ಲೇ ವ್ಯಾಪಾರ ಕಂಡವರೂ ಬಹಳ ಮಂದಿ. ಆಟ ಮಾಡಿದವರ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ ಅದು, ನಾನು ಅದನ್ನು ಒಪ್ಪುವುದಿಲ್ಲ. ಆದರೆ ಅದರ ನೆಪದಲ್ಲಿ ರಿಪೇರಿಯ ಬಾಗಿಲನ್ನೂ ಮುಚ್ಚುವುದು ನ್ಯಾಯವಲ್ಲ. ನಮ್ಮ ದೇಶದ ಕಾಯಿದೆಯೇ ಈ ಎರಡನ್ನೂ ಬೇರೆಯಾಗಿ ನೋಡಿದೆ. 2012ರಲ್ಲಿ ಕಾಪಿರೈಟ್ ಕಾಯಿದೆಗೆ ಸೇರಿಸಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಉದ್ದೇಶ ಎಂಬ ಆ ಮಾತಿನಲ್ಲಿ ನನ್ನಂಥವರ ಕೆಲಸಕ್ಕೆ ಜಾಗವಿದೆ. ಅಮೆರಿಕದಲ್ಲಿ ಕಾನೂನು ಇನ್ನೂ ಬಿಗಿ. ಆದರೂ 2021ರ ಅಕ್ಟೋಬರಿನಲ್ಲಿ ಅಲ್ಲಿಯ ಸರ್ಕಾರ ಗೇಮ್ ಕನ್ಸೋಲುಗಳ ಡಿಸ್ಕ್ ಡ್ರೈವ್ ರಿಪೇರಿಗಾಗಿ ಬೀಗ ತೆರೆಯಲು ವಿನಾಯಿತಿ ಕೊಟ್ಟಿತು. ಕಾಮಗೆರೆಯ ಅಂಗಡಿಗೆ ಮೇಷ್ಟ್ರು ತಂದದ್ದು ಅದೇ ತಕರಾರು. 2022ರಲ್ಲಿ ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ಲನ್ನೂ ತೆರೆಯಿತು. ಆ ಸುದ್ದಿ ಓದಿದ ದಿನ ಮೇಷ್ಟ್ರ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಶುರುವಾಯಿತಲ್ಲ ಎಂದು ಸಮಾಧಾನವಾಯಿತು.

2024ರ ಜುಲೈ 29ರಂದು ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ ಮುಚ್ಚಿತು. ಆ ಯಂತ್ರಕ್ಕೆ ಇನ್ನು ಹೊಸ ಆಟ ತರಬೇಕೆಂದರೆ ಡಿಸ್ಕೊಂದೇ ಗತಿ. ಡಿಸ್ಕ್ ಓಡಲು ಡ್ರೈವ್ ಬೇಕು, ಡ್ರೈವ್ ಬದಲಿಸಲು ಕೀ ಬೇಕು, ಕೀ ಇರುವುದು ನ್ಯಾಂಡಿನಲ್ಲಿ. ಆ ನ್ಯಾಂಡಿಗೂ ವಯಸ್ಸಾಗಿದೆ. ಫ್ಲ್ಯಾಶ್ ಚಿಪ್ಪಿನಲ್ಲಿ ನೆನಪೆಂದರೆ ಸಣ್ಣ ಸಣ್ಣ ಕೋಶಗಳಲ್ಲಿ ಸಿಕ್ಕಿಬಿದ್ದ ವಿದ್ಯುತ್ ಕಣಗಳು. ಅವು ನಿಧಾನಕ್ಕೆ ಸೋರಿ ಹೋಗುತ್ತವೆ. ಆ ಕಾಲದ ಇಂಥ ಚಿಪ್ಪುಗಳಿಗೆ ತಯಾರಕರು ಸಾಮಾನ್ಯವಾಗಿ ಬರೆದು ಕೊಡುತ್ತಿದ್ದದ್ದು ಹತ್ತು ವರ್ಷದ ಭರವಸೆ. 2007ರ ಯಂತ್ರಕ್ಕೆ ಆ ಗಡುವು ಎಂದೋ ದಾಟಿದೆ. ಇನ್ನೂ ಓಡುತ್ತಿರುವುದು ನಮ್ಮ ಪುಣ್ಯ.

ಹಾಗಾಗಿ ಹಳೆಯ ಕನ್ಸೋಲ್ ಮನೆಯಲ್ಲಿಟ್ಟುಕೊಂಡವರಿಗೂ, ರಿಪೇರಿ ಕಲಿಯುವ ನಮ್ಮ ಕಡೆಯ ಹುಡುಗರಿಗೂ ನಾನು ಹೇಳುವುದು ಇಷ್ಟೇ. ಯಂತ್ರ ಚೆನ್ನಾಗಿರುವಾಗಲೇ ಅದರ ಡಂಪ್ ತೆಗೆಸಿ. ಎರಡು ಸಲ ತೆಗೆದು ತಾಳೆ ನೋಡಿ. ಆವತ್ತು ನಾನು ಕೊಟ್ಟಂಥ ಸಿಡಿಗಳೂ ಕಾಲ ಕಳೆದಂತೆ ಹಾಳಾಗುತ್ತವೆ, ಆದ್ದರಿಂದ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಟ್ಟು ಆಗಾಗ ತೆರೆದು ನೋಡಿ. ಹಳೆಯ ಡ್ರೈವನ್ನು ಎಂದೂ ಗುಜರಿಗೆ ಹಾಕಬೇಡಿ. ರಿಪೇರಿಯವರು ಒಂದು ಪ್ರತಿ ಮಾಲೀಕರ ಕೈಗೆ ಕೊಡಲೇಬೇಕು, ಕೊಡದಿದ್ದರೆ ಮಾಲೀಕರು ಕೇಳಿ ಪಡೆಯಬೇಕು. ಅದು ಅವರದೇ ಸ್ವತ್ತು.